‘ಪರಂಗಿ ಹುಣ್ಣು’ ಎಂಬ ಹೆಸರಿನ ಬಗ್ಗೆ ಒಂದು ತಕರಾರು

ಈಗ ಓದಿದ ಪ್ರಬಂಧ ‘ಪರಂಗಿ ಹುಣ್ಣು’ ಅನ್ನೋ ಹೆಸರಲ್ಲಿ ಪರದೇಶಿಯರ ಮೇಲಿನ ಗೂಬೆಯನ್ನಷ್ಟೇ ಕಂಡಿದೆ. ನನ್ನ ತಕರಾರು ‘ಹುಣ್ಣು’ ಅನ್ನೋದರ ಮೇಲೆ. ನೋಡ್ರಿ, ಹುಣ್ಣು ತಾನಾಗೇ ಮಾಯುತ್ತೆ, ಸಿಫಿಲಿಸ್ ಒಳಗೇ ಉಳಿಯುತ್ತೆ. ಎಷ್ಟೋ ವರ್ಷದ ಮೇಲೆ ಅದು ಮಿದುಳಿನಲ್ಲಿ ತಲೆಯೆತ್ತಿದಾಗ ಕಾಣೋದು ಮರೆವು, ಸಂಶಯ, ಕೆಲವರಲ್ಲಿ ತಾನೇ ರಾಜನೆಂಬ ಭ್ರಮೆ. ಇಂಥ ರೋಗಿಗಳ ಮಿದುಳಲ್ಲೇ ಆ ರೋಗಾಣುವನ್ನು ನೊಗುಚಿ ಮತ್ತು ಮೂರ್ 1913ರಲ್ಲಿ ತೋರಿಸಿದರು.

1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ನಮ್ಮ ಆದೋನಿ ಸೀಮೆಯಲ್ಲಿ ಕನ್ನಡ, ತೆಲುಗು ಎರಡರಲ್ಲೂ ‘ಗಾಳಿ ಸೋಕಿದೆ’ ಅನ್ನೋ ಮಾತುಂಟು. ಮನೆಯವರು ಹಾಗಂದರೆ ದೂರಲಾರೆ; ಅವರ ಕೈಲಿರೋ ಹೆಸರು ಹುಣ್ಣನ್ನು ಬಿಟ್ಟು ಬೇರೇನೂ ತೋರಿಸೋದಿಲ್ಲ. ಆದರೆ ನಡುವಯಸ್ಸಲ್ಲಿ ಬುದ್ಧಿ ಹೊಸದಾಗಿ ಕೆಟ್ಟವರಿಗೆ ಸಿಫಿಲಿಸ್‌ನ ರಕ್ತಪರೀಕ್ಷೆ, ಬೇಕಾದರೆ ಬೆನ್ನುಹುರಿ ನೀರಿನ ಪರೀಕ್ಷೆ ಆಗಲೇಬೇಕು. ಪೆನಿಸಿಲಿನ್ ರೋಗವನ್ನು ತಡೆಯುತ್ತೆ. ತಡವಾದರೆ, ಕಳಕೊಂಡ ನೆನಪೆಲ್ಲ ಮರಳೋದಿಲ್ಲ.