ಎಕ್ಸಿಬಿಷನ್ ರಸ್ತೆಯ ಪೋಲಿಷ್ ಮನೆ

ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ಗೆ ಹೋದವರು ಮ್ಯೂಸಿಯಂ ನೋಡಿ ಕಾಲು ನೋವೆಂದು ವಾಪಸಾಗುತ್ತಾರೆ. ಅದೇ ಎಕ್ಸಿಬಿಷನ್ ರಸ್ತೆಯ 55ನೇ ನಂಬರಿನ ಬಿಳಿ ಕಟ್ಟಡದಲ್ಲಿ ಪೋಲಿಷರ ಕ್ಲಬ್ಬೊಂದಿದೆ: ಒಗ್ನಿಸ್ಕೊ ಪೋಲ್ಸ್‌ಕಿಯೆ. 1940ರಲ್ಲಿ ಅದು ಬಾಗಿಲು ತೆರೆದಾಗ ಪೋಲೆಂಡನ್ನು ಹಿಟ್ಲರನೂ ಸ್ಟಾಲಿನನೂ ಹಂಚಿಕೊಂಡಾಗಿತ್ತು. ದೇಶದ ಸರ್ಕಾರವೇ ಲಂಡನ್ನಿಗೆ ಬಂದು ಕೂತಿತ್ತು.

ಯುದ್ಧ ಗೆದ್ದ ಮೇಲಾದರೂ ಊರಿಗೆ ಹೋಗಬಹುದಿತ್ತೇ? 1945ರ ಜುಲೈನಲ್ಲಿ ಬ್ರಿಟನ್ ಆ ಸರ್ಕಾರಕ್ಕೆ ಕೊಟ್ಟಿದ್ದ ಮಾನ್ಯತೆಯನ್ನೇ ಹಿಂತೆಗೆದುಕೊಂಡಿತು. ಇಟಲಿಯ ಮಾಂಟೆ ಕಸೀನೊ ಕದನದಲ್ಲಿ ಪೋಲಿಷ್ ಸೈನ್ಯವನ್ನು ಮುನ್ನಡೆಸಿದ ಜನರಲ್ ಆಂಡರ್ಸ್ ಅವರ ಪೌರತ್ವವನ್ನು ಮರುವರ್ಷ ವಾರ್ಸಾದ ಹೊಸ ಕಮ್ಯುನಿಸ್ಟ್ ಆಡಳಿತ ಕಿತ್ತುಕೊಂಡಿತು. ಅಂಥವರೆಲ್ಲ ಸಂಜೆ ಹೊತ್ತು ಬಂದು ಸೇರುತ್ತಿದ್ದ ಜಾಗವಿದು. ಕವಿ ಮರಿಯಾನ್ ಹೆಮಾರ್ ಇಲ್ಲೇ ತಮ್ಮ ವಿಡಂಬನೆಯ ರಂಗಪ್ರಯೋಗ ನಡೆಸಿದರು. ದೇಶ ಕಳೆದುಕೊಂಡವರು ನಗಲೆಂದು ಬಂದು ಕೂರುತ್ತಿದ್ದರು ಎಂಬುದೇ ನನಗೆ ಈ ಕ್ಲಬ್ಬಿನ ಬಗ್ಗೆ ಅತಿ ಇಷ್ಟವಾದ ಸಂಗತಿ. (ನಮ್ಮ ಬೆಳಗಾವಿಗೆ ದೂರವಲ್ಲದ ಕೊಲ್ಹಾಪುರದ ವಳಿವಡೆ ಶಿಬಿರದಲ್ಲಿ ಯುದ್ಧಕಾಲ ಕಳೆದ ಪೋಲಿಷ್ ನಿರಾಶ್ರಿತರಲ್ಲೂ ಹಲವರು ಮುಂದೆ ಬ್ರಿಟನ್ನಿಗೇ ಹೋದರು.)

ಈಗ ಕ್ಲಬ್ಬಿನ ಗೋಡೆಯ ಮೇಲೆ ಹಳಬರ ಭಾವಚಿತ್ರಗಳು, ಮೇಜಿನ ಮೇಲೆ ಪಿಯೆರೋಗಿ. ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಆಲೂಗಡ್ಡೆ, ಹುಳಿ ಗಿಣ್ಣು ತುಂಬಿ, ಅಂಚನ್ನು ಬೆರಳಲ್ಲಿ ಒತ್ತಿ ಮಡಿಸಿ ಬೇಯಿಸಿದ್ದು. ನೋಟಕ್ಕೆ ಥೇಟ್ ಕರ್ಜಿಕಾಯಿ. ಮೇಲೆ ಕೆಂಪಗೆ ಹುರಿದ ಈರುಳ್ಳಿ. ಬೀಟ್‌ರೂಟ್ ಸಾರು ಬಾರ್ಶ್ಚ್ ಸಿಹಿಯೋ ಹುಳಿಯೋ ಎಂದು ತೀರ್ಮಾನಿಸುವಷ್ಟರಲ್ಲಿ ಬಟ್ಟಲು ಖಾಲಿ. ಕ್ಲಬ್ಬಿಗೆ ಸದಸ್ಯತ್ವ ಬೇಕು, ಅದರ ರೆಸ್ಟೋರೆಂಟಿಗೆ ಬೇಡ.