ತಂಬೂರಿ ಯಾರ ಕೈಯಲ್ಲಿ?

ಸಂಗೀತಕ್ಕೆ ಜಾತಿಯಿಲ್ಲ ಎನ್ನುವವರು ಸಾಮಾನ್ಯವಾಗಿ ಜಾತಿಯಿಂದ ಏನನ್ನೂ ಕಳೆದುಕೊಳ್ಳದವರು. ತಮಟೆಗೆ ಒಂದು ಬೀದಿ, ವೀಣೆಗೆ ಇನ್ನೊಂದು ಬೀದಿ ಎಂದು ಹಂಚಿಕೊಟ್ಟ ಸಮಾಜ ಕೇಳುವ ಕಿವಿಯನ್ನು ಮಾತ್ರ ಸುಮ್ಮನೆ ಬಿಟ್ಟೀತೆ? ಒಂದೇ ನಾದ ಒಬ್ಬನಿಗೆ ಶಾಂತಿ, ಇನ್ನೊಬ್ಬನಿಗೆ ಅವಮಾನದ ನೆನಪು. ಈ ಮಾತನ್ನು ಅಮೆರಿಕದ ಕಪ್ಪು ಹೆಣ್ಣುಮಗಳೊಬ್ಬಳ ರೆಕಾರ್ಡನ್ನು ಮುಂದಿಟ್ಟುಕೊಂಡು ಚರ್ಚಿಸಬೇಕಾಗಿದೆ. ರೆಕಾರ್ಡಿನ ಹೆಸರು ‘ಜರ್ನಿ ಇನ್ ಸಚ್ಚಿದಾನಂದ’. ನುಡಿಸಿದಾಕೆ ಆಲಿಸ್ ಕೋಲ್ಟ್ರೇನ್. 1970ರಲ್ಲಿ ಧ್ವನಿಮುದ್ರಣ, 1971ರಲ್ಲಿ ಬಿಡುಗಡೆ. ಅಧ್ಯಾತ್ಮದ ಜಾಝ್ ಅಂತ ಇದನ್ನು ಕರೀತಾರೆ.

ಜಾಝ್ ಎಂದರೆ ಶೋಕಿಯ ಹೋಟೆಲಿನ ಸಂಗೀತ ಎಂದುಕೊಂಡವರಿಗೆ ಒಂದು ಮಾತು. ಹಡಗಿನಲ್ಲಿ ತುಂಬಿ ತಂದು ಸಂತೆಯಲ್ಲಿ ಮಾರಿದ ಆಫ್ರಿಕದ ಜನರ ಮಕ್ಕಳು, ಮೊಮ್ಮಕ್ಕಳು ಕಟ್ಟಿದ ಸಂಗೀತ ಅದು. ಆಲಿಸ್ 1937ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿ, ಕಪ್ಪು ಜನರ ಚರ್ಚಿನಲ್ಲಿ ನುಡಿಸುತ್ತಾ ಬೆಳೆದವಳು. ಗಂಡ ಜಾನ್ ಕೋಲ್ಟ್ರೇನ್ ಸ್ಯಾಕ್ಸೋಫೋನ್ ವಾದಕ. 1963ರ ಸೆಪ್ಟೆಂಬರ್ 15ರಂದು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಿಳಿಯ ಜನಾಂಗದ್ವೇಷಿಗಳು ಕಪ್ಪು ಜನರ ಚರ್ಚಿಗೆ ಬಾಂಬಿಟ್ಟು ನಾಲ್ವರು ಹೆಣ್ಣುಮಕ್ಕಳನ್ನು ಕೊಂದರು. ಎರಡು ತಿಂಗಳಲ್ಲಿ ಜಾನ್ ‘ಅಲಬಾಮಾ’ ನುಡಿಸಿದ. ಅದರಲ್ಲಿ ಒಂದೇ ಒಂದು ಹಾಡಿನ ಮಾತಿಲ್ಲ. ಕೇಳಿದವನಿಗೆ ಅದು ಹೆಣದ ಮುಂದೆ ಕೂತ ತಾಯಿಯ ದನಿ. 1967ರಲ್ಲಿ ನಲವತ್ತನೇ ವಯಸ್ಸಿಗೆ ಜಾನ್ ತೀರಿಕೊಂಡ. ನಾಲ್ಕು ಮಕ್ಕಳ ಜೊತೆ ಉಳಿದ ಆಲಿಸ್ ದುಃಖದಲ್ಲಿ ಬೇಯುತ್ತಿದ್ದಾಗ ಸಿಕ್ಕ ಗುರು ಕೊಯಮತ್ತೂರು ಕಡೆಯಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ್ದ ಸ್ವಾಮಿ ಸಚ್ಚಿದಾನಂದ. ರೆಕಾರ್ಡಿನ ಹೆಸರು ಬಂದದ್ದು ಅಲ್ಲಿಂದ.

ಮೊದಲ ಕೃತಿಯಲ್ಲಿ ತಂಬೂರಿಯ ಶ್ರುತಿ. ಅದರ ಮೇಲೆ ಡಬಲ್ ಬಾಸಿನಲ್ಲಿ ಸೆಸಿಲ್ ಮೆಕ್‌ಬೀ ಮತ್ತೆ ಮತ್ತೆ ನುಡಿಸುವ ಒಂದೇ ವರಸೆ, ನೊಗ ಹೊತ್ತ ಎತ್ತಿನ ಹಾಗೆ ಜಗ್ಗದೆ ನಡೆಯುತ್ತದೆ. ಹಾರ್ಪಿನ ತಂತಿಗಳ ಮೇಲೆ ಆಲಿಸಳ ಬೆರಳು ಹರಿದರೆ ತುಂಬಿದ ಕೆರೆ ಕೋಡಿ ಬಿದ್ದ ಹಾಗೆ. ಆಮೇಲೆ ಫೇರೋ ಸ್ಯಾಂಡರ್ಸ್‌ನ ಸ್ಯಾಕ್ಸೋಫೋನ್, ಅಳು ನುಂಗಿಕೊಂಡವನ ದನಿಯಲ್ಲಿ.

ಇದನ್ನು ಯಾರು ಯಾರು ಹೇಗೆ ಕೇಳಿದರು? ಮೊದಲನೆಯವರು ಜಾಝಿನ ಮಡಿವಂತರು. ಡೌನ್‌ಬೀಟ್ ಪತ್ರಿಕೆಯ ವಿಮರ್ಶಕನೊಬ್ಬ 1961ರಲ್ಲೇ ಜಾನ್‌ನ ವಾದನವನ್ನು ಜಾಝ್ ವಿರೋಧಿ ಎಂದು ಜರಿದಿದ್ದ. ಆಲಿಸ್ ಎಂದರಂತೂ ದೊಡ್ಡ ಗಂಡನ ನೆರಳಲ್ಲಿ ಬದುಕುವವಳು ಎಂಬ ತಾತ್ಸಾರ. ಗಂಡನ ಹಳೆಯ ಧ್ವನಿಮುದ್ರಣಗಳಿಗೆ ತಂತಿವಾದ್ಯ ಸೇರಿಸಿ 1972ರಲ್ಲಿ ‘ಇನ್‌ಫಿನಿಟಿ’ ತಂದಾಗ ಮೈಲಿಗೆಯಾಯಿತು ಎನ್ನುವಂತೆ ಕೂಗಾಡಿದರು. ಆಕೆ 2007ರಲ್ಲಿ ತೀರಿಕೊಂಡಳು. ಈಗ ಆಕೆಯ ಇದೇ ರೆಕಾರ್ಡುಗಳಿಗೆ ಜಯಕಾರ! ಶುದ್ಧಿ ಕಾಯುವ ಪೂಜಾರಿಗಳು ಎಲ್ಲ ದೇಶದಲ್ಲೂ ಇದ್ದಾರೆ.

ಎರಡನೆಯವರು ಶಾಂತಿಯ ಗಿರಾಕಿಗಳು. ಧ್ಯಾನಕ್ಕೆ, ಯೋಗಕ್ಕೆ, ಒಳ್ಳೆಯ ನಿದ್ದೆಗೆ ಇದನ್ನು ಹಚ್ಚಿಕೊಳ್ಳುತ್ತಾರೆ. ಇವರಿಗೆ ಹಾರ್ಪು ಕೇಳಿಸುತ್ತದೆ, ರಶೀದ್ ಅಲಿಯ ಡ್ರಮ್ಮು ಕೇಳಿಸುವುದಿಲ್ಲ. ಗಂಡ ಸತ್ತ ಹೆಣ್ಣಿನ ನಿದ್ದೆಗೆಟ್ಟ ರಾತ್ರಿಗಳ ಮೇಲೆ ಇವರು ಚಾಪೆ ಹಾಸಿ ಮಲಗುತ್ತಾರೆ.

ಮೂರನೆಯವರು ನಾವು. ಡುಬಾಯ್ಸ್‌ಗೆ ಬಾಬಾಸಾಹೇಬರು ಪತ್ರ ಬರೆದದ್ದು 1946ರಲ್ಲಿ. ಮುಂಬಯಿಯ ದಲಿತ್ ಪ್ಯಾಂಥರ್ಸ್ ಕಪ್ಪು ಜನರ ಹೋರಾಟದಿಂದ ತಮ್ಮ ಹೆಸರನ್ನೇ ಪಡೆದದ್ದು 1972ರಲ್ಲಿ. ಹಾಗಾಗಿ ಈ ಸಂಗೀತ ನಮಗೆ ಪರದೇಶದ್ದಲ್ಲ. ಆದರೆ ಗೆಳೆಯರ ಗುಂಪಿನಲ್ಲಿ ಇದನ್ನು ಹಾಕಿದಾಗ ನಾವೇ ಎರಡು ಪಾಲಾದೆವು. ಸಂಘಟನೆಯ ಗೆಳೆಯನೊಬ್ಬ, ‘ನಿಲ್ಸಪ್ಪಾ, ಇದು ಗುಡಿ ಒಳಗಿನ ಸದ್ದು. ಹೊರಗೆ ನಿಂತು ಕೇಳಿದ್ದು ಸಾಕು’ ಎಂದ. ಮಂಟೇಸ್ವಾಮಿ ಪದಗಳನ್ನು ಎಳವೆಯಿಂದ ಕೇಳಿದ ಮೇಷ್ಟ್ರೊಬ್ಬರು, ‘ಇರು ಕಣಯ್ಯ, ಇದು ನಮ್ಮ ನೀಲಗಾರರ ತಂಬೂರಿ ಥರಾನೇ ಅದೆ’ ಎಂದರು.

ಇಬ್ಬರ ಕಿವಿಯೂ ಸುಳ್ಳು ಹೇಳಲಿಲ್ಲ.

ಗೆಳೆಯನ ಸಿಟ್ಟಿನಲ್ಲಿ ಚರಿತ್ರೆ ಇದೆ. 1930ರಲ್ಲಿ ನಾಸಿಕದ ಕಾಳಾರಾಮ ಗುಡಿಯ ಬಾಗಿಲು ನಮಗೆ ತೆರೆಯಲಿಲ್ಲ. 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನ ಬಾಬಾಸಾಹೇಬರ ಜೊತೆ ಆ ಧರ್ಮವನ್ನೇ ಬಿಟ್ಟು ಹೊರಬಂದರು. ನಾವು ಬಿಟ್ಟು ಬಂದ ಮನೆಗೆ ಆಲಿಸ್ ಅತಿಥಿಯಾಗಿ ಹೋದಳು. ಅತಿಥಿಗೆ ಪಡಸಾಲೆ ತೋರಿಸುತ್ತಾರೆ, ಹಿತ್ತಲು ತೋರಿಸುವುದಿಲ್ಲ. ವೇದಾಂತ ಅಮೆರಿಕಕ್ಕೆ ಹೋಗುವಾಗ ಮನುವನ್ನು ಬಂದರಿನಲ್ಲೇ ಬಚ್ಚಿಟ್ಟು ಹೋಯಿತು. ರೆಕಾರ್ಡಿನಲ್ಲಿ ‘ಶಿವಲೋಕ’ ಎಂಬ ಕೃತಿಯುಂಟು, ‘ಸ್ಟಾಪೋವರ್ ಬಾಂಬೆ’ ಎಂಬುದೂ ಉಂಟು. ಆ ಬಾಂಬೆಯಲ್ಲಿ ಮಲದ ಗುಂಡಿಗೆ ಇಳಿಯುವವನ ಸುಳಿವು ಇಲ್ಲ. ಈ ಕೊರತೆಯನ್ನು ಭಕ್ತಿಯಿಂದ ಮುಚ್ಚಬೇಕಿಲ್ಲ.

ಆದರೆ ಆಕೆ ಅತಿಥಿಯಾಗಿ ಹೋದವಳು ಕೈಕಟ್ಟಿ ಕೂರಲಿಲ್ಲ. ನುಡಿಸಿದವರ ಹೆಸರು ನೋಡಿ: ತಂಬೂರಿಗೆ ತುಳಸಿ, ಗೆಜ್ಜೆಗಂಟೆಗೆ ಮಜೀದ್ ಶಬಾಝ್, ಊದ್ ಎಂಬ ಅರಬ್ ವಾದ್ಯಕ್ಕೆ ವಿಷ್ಣು ವುಡ್. ಗುಲಾಮರ ಮಕ್ಕಳಿಗೆ ದಣಿಗಳ ಮನೆತನದ ಹೆಸರೇ ಗತಿಯಾಗಿದ್ದ ದೇಶದಲ್ಲಿ ತನ್ನ ಹೆಸರನ್ನು ತಾನೇ ಆರಿಸಿಕೊಳ್ಳುವುದೂ ಬಂಡಾಯ. ಹೆಸರು ಕೇಳಿ ಜಾತಿ ಹುಡುಕುವ ನಮಗೆ ಇದು ಅರ್ಥವಾಗಬೇಕು. ಕೊನೆಯ ಕೃತಿ ‘ಐಸಿಸ್ ಅಂಡ್ ಓಸಿರಿಸ್’, ಆಫ್ರಿಕದ ಈಜಿಪ್ಟಿನ ದೇವತೆಗಳು. ಇದನ್ನು ಬರೀ ಹಿಂದೂ ರೆಕಾರ್ಡು ಎನ್ನುವವರು ಕೊನೆಯವರೆಗೆ ಕೇಳಿಲ್ಲ. ಮುಂದೆ 1983ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆಶ್ರಮ ಕಟ್ಟಿ, ತುರೀಯಸಂಗೀತಾನಂದ ಎಂಬ ಹೆಸರಿನ ಸ್ವಾಮಿನಿಯಾಗಿ, ಸಂಸ್ಕೃತದ ಭಜನೆಗೆ ಕಪ್ಪು ಚರ್ಚಿನ ಚಪ್ಪಾಳೆ ಹಾಕಿಸಿದಳು. ನಮ್ಮ ನಾಡಿನ ಎಷ್ಟು ಮಠಗಳು ದಲಿತ ಹೆಣ್ಣುಮಗಳನ್ನು ಪೀಠದಲ್ಲಿ ಕೂರಿಸಿವೆ?

ಇನ್ನು ಮೇಷ್ಟ್ರ ಮಾತು. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ತಂಬೂರಿ, ಗಗ್ಗರ, ಡಮ್ಮಡಿ ಹಿಡಿದು ರಾತ್ರಿಯಿಡೀ ಹಾಡುವ ನೀಲಗಾರರು ದಲಿತರು, ಇತರ ತಳಸಮುದಾಯದವರು. ಅವರ ಮಂಟೇಸ್ವಾಮಿ ಕುಷ್ಠ ಹಿಡಿದ ಮೈಯಲ್ಲಿ, ಕೀಳೆಂದು ದೂಡುವ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಹೋಗಿ ಶರಣರನ್ನೇ ಪರೀಕ್ಷೆಗೆ ಒಡ್ಡಿದವನು. ಆ ಕಥೆ ಹೇಳುವಾಗ ಮೀಟುವುದೂ ಇದೇ ತಂಬೂರಿಯನ್ನೇ. ಸಭೆಯಲ್ಲಿ ಅದು ಹಾಡುವವನ ಹಿಂದೆ ತಲೆತಗ್ಗಿಸಿ ಕೂರುತ್ತದೆ. ನೀಲಗಾರನ ಹೆಗಲ ಮೇಲೆ ಅದು ಅನ್ನ, ಅದೇ ವಾದ. ತಂತಿ ಜಾತಿವಾದಿಯಲ್ಲ, ಅದನ್ನು ಗುಡಿಯೊಳಗೆ ಬೀಗ ಹಾಕಿ ಇಟ್ಟವರು ಜಾತಿವಾದಿಗಳು. ಶ್ರುತಿಯನ್ನು ಅವರಿಗೆ ಬರೆದುಕೊಟ್ಟು ತಮಟೆಯೊಂದೇ ನಮ್ಮದು ಎಂದರೆ ಅವರು ಹಂಚಿದ ಬೀದಿಯನ್ನು ನಾವೇ ಒಪ್ಪಿಕೊಂಡ ಹಾಗೆ.

ಆದ್ದರಿಂದ ಈ ರೆಕಾರ್ಡನ್ನು ಕೇಳಬೇಕು. ಹಳ್ಳಿ ಶಾಲೆಯ ಮೇಷ್ಟ್ರುಗಳು ಮಕ್ಕಳಿಗೂ ಕೇಳಿಸಬೇಕು. ಜೊತೆಗೆ ‘ಅಲಬಾಮಾ’ವನ್ನೂ ಕೇಳಿಸಿ, ಆ ನಾಲ್ವರು ಹುಡುಗಿಯರ ಕಥೆಯನ್ನೂ ಹೇಳಬೇಕು. ಸಚ್ಚಿದಾನಂದನಿಗೆ ಕೈಮುಗಿಯುವ ಅಗತ್ಯವಿಲ್ಲ. ಕೈಗೆ ಬೇರೆ ಕೆಲಸವಿದೆ, ಮೆಕ್‌ಬೀಯ ಬಾಸಿಗೆ ತಾಳ ಹಾಕುವುದು.