ಶಾಲೆಯ ಕೆಮ್ಮು, ತೊಟ್ಟಿಲಿನ ಲೆಕ್ಕ

2010ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಾಯಿಕೆಮ್ಮು ಎದ್ದಿತು. ಒಂಬತ್ತು ಸಾವಿರಕ್ಕೂ ಹೆಚ್ಚು ಜನಕ್ಕೆ ರೋಗ ತಗುಲಿತು, ಹತ್ತು ಹಸುಗೂಸುಗಳು ಸತ್ತವು. ಬೆರಳು ತೋರಿಸಲು ಯಾರೂ ದೂರ ಹುಡುಕಬೇಕಾಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಿಂದ ಸೇತುವೆ ದಾಟಿದರೆ ಮರಿನ್ ಕೌಂಟಿ. ಹಣವಿದ್ದವರು, ಓದಿದವರು, 'ನಮ್ಮ ಮಗುವಿಗೆ ಲಸಿಕೆ ಬೇಡ' ಎಂದು ಶಾಲೆಗೆ ಬರೆದುಕೊಡುವ ತಂದೆತಾಯಂದಿರು ಅಲ್ಲಿ ಬಹಳ. ತಪ್ಪು ಅವರದೇ ಎಂದು ಜನ ತೀರ್ಪು ಬರೆದಾಯಿತು.

ಅದೇ ಕೌಂಟಿಯ ಸ್ಯಾನ್ ರಫೇಲ್ ಪಟ್ಟಣದ ಕೈಸರ್ ಆಸ್ಪತ್ರೆಯ ವೈದ್ಯರು ತಮ್ಮಲ್ಲಿಗೆ ಬಂದ ಮಕ್ಕಳ ದಾಖಲೆಗಳನ್ನು ಬಿಡಿಸಿ ನೋಡಿದರು. ರೋಗ ಖಚಿತವಾದ ಮಕ್ಕಳಲ್ಲಿ ನೂರಕ್ಕೆ 81 ಮಂದಿ ವಯಸ್ಸಿಗೆ ತಕ್ಕ ಎಲ್ಲ ಡೋಸುಗಳನ್ನೂ ಹಾಕಿಸಿಕೊಂಡಿದ್ದರು. ಒಂದು ಡೋಸೂ ಪಡೆಯದವರು ನೂರಕ್ಕೆ 8. ಎಲ್ಲರಿಗಿಂತ ಹೆಚ್ಚು ಕೆಮ್ಮಿದವರು 8ರಿಂದ 12 ವರ್ಷದೊಳಗಿನವರು. ಐದನೆಯ ಡೋಸು ಪಡೆದು ಕೆಲವು ವರ್ಷ ಕಳೆದಿದ್ದ ಶಾಲಾ ಮಕ್ಕಳು.

ಲಸಿಕೆಯ ವಿರೋಧಿಗಳಿಗೆ ಈ ಅಂಕಿ ಹಬ್ಬದೂಟ. ಲಸಿಕೆಯ ಪರ ಮಾತಾಡುವವರಿಗೆ ಬಾಯಲ್ಲಿಟ್ಟ ಬಿಸಿತುಪ್ಪ. ಇಬ್ಬರೂ ಅದನ್ನು ತಪ್ಪಾಗಿ ಓದಿದ್ದಾರೆ ಎಂಬುದು ನನ್ನ ತಕರಾರು.

ವಿರೋಧಿಗಳ ತಪ್ಪು ಸ್ಲೇಟಿನ ಮೇಲೆ ತೋರಿಸುವಂಥದ್ದು. 500 ಮಕ್ಕಳ ಒಂದು ಶಾಲೆ ಇದೆಯೆಂದುಕೊಳ್ಳಿ. 475 ಮಕ್ಕಳಿಗೆ ಲಸಿಕೆಯಾಗಿದೆ, 25 ಮಕ್ಕಳಿಗೆ ಇಲ್ಲ. ಲಸಿಕೆಯಿಲ್ಲದ 25ರಲ್ಲಿ 15 ಮಕ್ಕಳು ಕಾಯಿಲೆ ಬಿದ್ದರೆ ನೂರಕ್ಕೆ 60. ಲಸಿಕೆಯಾದ 475ರಲ್ಲಿ 57 ಮಕ್ಕಳು ಬಿದ್ದರೆ ನೂರಕ್ಕೆ 12. ಅಪಾಯ ಐದರಲ್ಲಿ ಒಂದು ಪಾಲಿಗೆ ಇಳಿದಿದೆ. ಆದರೂ ಹಾಸಿಗೆ ಹಿಡಿದ 72 ಮಕ್ಕಳಲ್ಲಿ 57 ಮಂದಿ, ಅಂದರೆ ನೂರಕ್ಕೆ 79, ಲಸಿಕೆಯಾದವರೇ! ಹೆಲ್ಮೆಟ್ ಹಾಕದವರೇ ಇಲ್ಲದ ಊರಿನಲ್ಲಿ ಬಿದ್ದು ಗಾಯಗೊಂಡವರೆಲ್ಲ ಹೆಲ್ಮೆಟ್ ಹಾಕಿದವರೇ ಆಗಿರುತ್ತಾರೆ. ಅದರಿಂದ ಹೆಲ್ಮೆಟ್ ದಂಡವೆಂದು ಯಾರೂ ಹೇಳುವುದಿಲ್ಲ.

ಲಸಿಕೆಯ ಪರ ಇರುವವರ ತಪ್ಪು ಇಷ್ಟು ಸುಲಭಕ್ಕೆ ಕಣ್ಣಿಗೆ ಬೀಳದು, ಏಕೆಂದರೆ ಅದು ಸದುದ್ದೇಶದ ತಪ್ಪು. 'ಎಲ್ಲರೂ ಹಾಕಿಸಿಕೊಂಡಿದ್ದರೆ ರೋಗ ಶಾಲೆಯ ಗೇಟು ದಾಟುತ್ತಿರಲಿಲ್ಲ' ಎನ್ನುತ್ತಾರೆ. ದಡಾರದ ಮಟ್ಟಿಗೆ ಈ ಮಾತು ಬಹುತೇಕ ನಿಜ. ದಡಾರದಲ್ಲಿ ನಿಜವಾದದ್ದನ್ನು ನಾಯಿಕೆಮ್ಮಿಗೂ ಅಂಟಿಸಿದ್ದೇ ಎಡವಟ್ಟು.

ಈಗಿನ ಲಸಿಕೆ ಎಲ್ಲಿಂದ ಬಂತು ಎಂದು ನೋಡಿದರೆ ಕಾರಣ ತಿಳಿಯುತ್ತದೆ. 1930ರ ದಶಕದಲ್ಲಿ ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನಲ್ಲಿ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಇಡೀ ರೋಗಾಣುವನ್ನು ಕೊಂದು ಒಳ್ಳೆಯ ಲಸಿಕೆ ಮಾಡಿದರು. ವರ್ಷಕ್ಕೆ ಎರಡು ಲಕ್ಷದ ಆಸುಪಾಸಿನಲ್ಲಿದ್ದ ಅಮೆರಿಕದ ರೋಗಿಗಳ ಸಂಖ್ಯೆ 1976ರ ಹೊತ್ತಿಗೆ 1,010ಕ್ಕೆ ಇಳಿಯಿತು. ಆದರೆ ಆ ಲಸಿಕೆ ಜ್ವರ ತರುತ್ತಿತ್ತು, ಚುಚ್ಚಿದ ಜಾಗ ಊದುತ್ತಿತ್ತು, ಮಗು ರಾತ್ರಿಯಿಡೀ ಅಳುತ್ತಿತ್ತು. 1974ರಲ್ಲಿ ಲಂಡನ್ನಿನ ವೈದ್ಯರು ಅದರಿಂದ ಮಿದುಳಿಗೆ ಹಾನಿಯಾಗಬಹುದೆಂದು ಶಂಕಿಸಿದರು. ಮುಂದಿನ ಅಧ್ಯಯನಗಳಲ್ಲಿ ಆ ಶಂಕೆ ಸಾಬೀತಾಗಲಿಲ್ಲ, ಆದರೆ ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಲಸಿಕೆ ಹಾಕಿಸುವವರು ನೂರಕ್ಕೆ 31ಕ್ಕೆ ಕುಸಿದು ಸಾಂಕ್ರಾಮಿಕ ಮರಳಿ ಬಂದಿತ್ತು. ಜಪಾನಿನಲ್ಲಿ ಲಸಿಕೆಯ ನಂತರ ಎರಡು ಶಿಶುಗಳು ತೀರಿಕೊಂಡಾಗ ಜನ ಬೆದರಿ ಹಿಂದೆ ಸರಿದರು. 1979ರಲ್ಲಿ ಅಲ್ಲಿ 13,000 ಮಂದಿಗೆ ರೋಗ ಬಂದು 41 ಮಂದಿ ಸತ್ತರು. ಆಗ ಅಲ್ಲಿನ ವಿಜ್ಞಾನಿ ಯೂಜಿ ಸಾಟೋ ರೋಗಾಣುವಿನ ಕೆಲವು ಪ್ರೋಟೀನುಗಳನ್ನಷ್ಟೇ ಶುದ್ಧಮಾಡಿ ತೆಗೆದು ಮೆದುವಾದ ಲಸಿಕೆಯೊಂದನ್ನು ಕೊಟ್ಟರು. 1997ರ ಹೊತ್ತಿಗೆ ಅಮೆರಿಕ ಐದೂ ಡೋಸುಗಳಿಗೆ ಈ ಬಗೆಯನ್ನೇ ಶಿಫಾರಸು ಮಾಡಿತು.

ಜ್ವರ, ಊತ, ಅಳು ಕಡಿಮೆಯಾದವು. ಅದಕ್ಕೆ ತೆತ್ತದ್ದೇನು ಎಂಬುದು ಆ ಮಕ್ಕಳು ಶಾಲೆಗೆ ಹೋದ ಮೇಲೆ ಬೆಳಕಿಗೆ ಬಂತು. 2012ರಲ್ಲಿ ಸಂಶೋಧಕಿ ನಿಕೋಲಾ ಕ್ಲೈನ್ ಮತ್ತು ಸಂಗಡಿಗರು ಉತ್ತರ ಕ್ಯಾಲಿಫೋರ್ನಿಯಾದ ಮಕ್ಕಳ ಲೆಕ್ಕ ಹಾಕಿದರು: ಐದನೆಯ ಡೋಸಿನ ನಂತರ ಪ್ರತಿವರ್ಷ ರೋಗದ ಸಂಭವ ನೂರಕ್ಕೆ 42ರಂತೆ ಏರುತ್ತ ಹೋಗುತ್ತದೆ. ಅದೇ ವರ್ಷದ ಇನ್ನೊಂದು ಅಧ್ಯಯನದ ಪ್ರಕಾರ ಐದನೆಯ ಡೋಸಿನ ಮೊದಲ ವರ್ಷ ಲಸಿಕೆಯ ರಕ್ಷಣೆ ನೂರಕ್ಕೆ 98, ಐದು ವರ್ಷ ದಾಟಿದ ಮೇಲೆ 71.

ಮರುವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ವಿಜ್ಞಾನಿಗಳು ಬಬೂನ್ ಕೋತಿಗಳ ಮೇಲೆ ನಡೆಸಿದ ಪ್ರಯೋಗ ಇದಕ್ಕಿಂತಲೂ ಮುಖ್ಯವಾದದ್ದು. ಹೊಸ ಲಸಿಕೆ ಪಡೆದ ಕೋತಿಗಳು ಕೆಮ್ಮಲಿಲ್ಲ, ಸೊರಗಲಿಲ್ಲ. ಆದರೆ ಅವುಗಳ ಗಂಟಲಲ್ಲಿ ರೋಗಾಣು ವಾರಗಟ್ಟಲೆ ಮನೆ ಮಾಡಿತ್ತು, ಜೊತೆಗಿದ್ದ ಕೋತಿಗೂ ಅಂಟಿತು. ಹಳೆಯ ಲಸಿಕೆ ಪಡೆದವುಗಳಲ್ಲಿ ರೋಗಾಣು ಬೇಗ ಜಾಗ ಖಾಲಿ ಮಾಡಿತು. ಹಿಂದೊಮ್ಮೆ ರೋಗ ಬಂದು ಗುಣವಾದವುಗಳಲ್ಲಿ ಅದು ನೆಲೆಯೂರಲೇ ಇಲ್ಲ. ಕೋತಿಯ ಫಲಿತಾಂಶವನ್ನು ಹಾಗೆಯೇ ಮನುಷ್ಯನಿಗೆ ಹೊಂದಿಸಲಾಗದು, ನಿಜ. ಆದರೂ ಅದು ಕಲಿಸುವ ಪಾಠ ಸಣ್ಣದಲ್ಲ: ರೋಗ ತಡೆಯುವುದು ಒಂದು, ಸೋಂಕು ಹರಡದಂತೆ ತಡೆಯುವುದು ಮತ್ತೊಂದು. ಈ ಲಸಿಕೆ ಮೊದಲನೆಯದನ್ನು ಕೆಲವು ವರ್ಷ ಚೆನ್ನಾಗಿ ಮಾಡುತ್ತದೆ. ಎರಡನೆಯದನ್ನೂ ಮಾಡುತ್ತದೆಂದು ಅದರ ಹೆಸರಿನಲ್ಲಿ ಭಾಷೆ ಕೊಟ್ಟವರು ನಾವು.

ಹಾಗಾದರೆ ಮರಿನ್‌ನ ಆ ತಂದೆತಾಯಂದಿರು ನಿರ್ದೋಷಿಗಳೇ? ಅಲ್ಲ. ಲಸಿಕೆಗೆ ವಿನಾಯಿತಿ ಪಡೆದವರು ಗುಂಪಾಗಿ ನೆಲೆಸಿದ ಕಡೆ 2010ರಲ್ಲಿ ನಾಯಿಕೆಮ್ಮೂ ಗುಂಪುಗಟ್ಟುವ ಸಂಭವ ಎರಡೂವರೆ ಪಟ್ಟು ಹೆಚ್ಚಿತ್ತೆಂದು ಮತ್ತೊಂದು ಅಧ್ಯಯನ ತೋರಿಸಿದೆ. ಬೆಂಕಿಗೆ ಅವರು ಸೌದೆ ಒಟ್ಟಿದ್ದು ಹೌದು, ಆದರೆ ಕಾಡೇ ಒಣಗಿತ್ತು. ಡಿಸ್ನಿಲ್ಯಾಂಡಿನಲ್ಲಿ ದಡಾರ ಹರಡಿದ ಮೇಲೆ, 2015ರಲ್ಲಿ, ಕ್ಯಾಲಿಫೋರ್ನಿಯಾ ಸ್ವಂತ ನಂಬಿಕೆಯ ಹೆಸರಿನ ವಿನಾಯಿತಿಯನ್ನು ಕಾನೂನು ಮಾಡಿ ತೆಗೆದುಹಾಕಿತು. ಒಳ್ಳೆಯದೇ ಆಯಿತು. ಆದರೂ 2024ರಲ್ಲಿ ನಾಯಿಕೆಮ್ಮು ಅದೇ ರಾಜ್ಯದಲ್ಲಿ ಮತ್ತೆ ತಲೆಯೆತ್ತಿತು.

ಹುಸಿ ಭರವಸೆಗೆ ಒಂದು ಬೆಲೆಯಿದೆ. 'ಗೋಡೆ ಕಟ್ಟಿದ್ದೇವೆ' ಎಂದು ಹೇಳಿ, ಗೋಡೆಯೊಳಗಿನ ಮಗುವೇ ಕೆಮ್ಮಿದಾಗ, ತಾಯಿ ಲಸಿಕೆಯ ಜೊತೆಗೆ ಅದನ್ನು ಹೇಳಿದವರನ್ನೂ ನಂಬುವುದನ್ನು ಬಿಡುತ್ತಾಳೆ. ವೈದ್ಯರೂ 'ಡೋಸೆಲ್ಲ ಆಗಿದೆಯಲ್ಲ' ಎಂದುಕೊಂಡು ನಾಯಿಕೆಮ್ಮನ್ನು ಪರೀಕ್ಷಿಸುವುದೇ ಇಲ್ಲ. ಮೊದಲ ಒಂದೆರಡು ವಾರ ಅದು ಬರಿ ನೆಗಡಿಯಂತೆ ಕಾಣುತ್ತದೆ. ಸೋಂಕು ಅತಿ ಹೆಚ್ಚು ಹಬ್ಬುವುದೂ ಆಗಲೇ. ಹಾಗೆ ಮಗು ಶಾಲೆಯಿಂದ ಮನೆಗೆ ತರುವುದನ್ನು ತೊಟ್ಟಿಲಲ್ಲಿರುವ ತಂಗಿ ಪಡೆಯುತ್ತಾಳೆ.

ಲೆಕ್ಕ ಹಾಕಬೇಕಾದದ್ದು ಆ ತೊಟ್ಟಿಲ ಬಳಿ. ಹತ್ತು ವರ್ಷದ ಹುಡುಗನಿಗೆ ನಾಯಿಕೆಮ್ಮು ಎಂದರೆ ಎರಡು ಮೂರು ತಿಂಗಳ ಹಿಂಸೆ. ಎರಡು ತಿಂಗಳ ಕೂಸಿಗೆ ಎಷ್ಟೋ ಸಲ ಕೆಮ್ಮೇ ಬರುವುದಿಲ್ಲ, ಉಸಿರು ನಿಂತು ಮೈ ನೀಲಿಗಟ್ಟುತ್ತದೆ. ಸಾಯುವವರು ಹೆಚ್ಚಾಗಿ ಮೂರು ತಿಂಗಳೊಳಗಿನ ಈ ಕೂಸುಗಳೇ. 2012ರಲ್ಲಿ 14 ಶಿಶುಗಳನ್ನು ಕಳೆದುಕೊಂಡ ಬ್ರಿಟನ್ ಆ ಅಕ್ಟೋಬರಿನಿಂದ ಗರ್ಭಿಣಿಯರಿಗೇ ಲಸಿಕೆ ಕೊಡತೊಡಗಿತು. ತಾಯಿಯ ರಕ್ತದ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ಸೇರುತ್ತವೆ. ರಕ್ಷಣೆ ನೂರಕ್ಕೆ 90ರ ಆಸುಪಾಸು. ಕೊಡುತ್ತಿರುವುದು ಶಾಲೆಯಲ್ಲಿ ಸೋತ ಅದೇ ಮೆದು ಜಾತಿಯ ಲಸಿಕೆ. ಅದರ ಬಲ ಬೇಗ ಇಳಿಯುವುದು ನಿಜ, ಆದರೆ ಕೂಸಿಗೆ ಬೇಕಾದದ್ದೂ ಎರಡು ಮೂರು ತಿಂಗಳ ಕಾವಲಷ್ಟೇ. ಇಂಗ್ಲೆಂಡಿನಲ್ಲಿ ಈ ಲಸಿಕೆ ಪಡೆಯುವ ಗರ್ಭಿಣಿಯರು 2017ರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚಿದ್ದರು; 2024ರ ಹೊತ್ತಿಗೆ 60ಕ್ಕಿಂತ ಕೆಳಗಿಳಿದರು. ಆ ವರ್ಷ ಅಲ್ಲಿ 11 ಕೂಸುಗಳು ಸತ್ತವು.

ಇದು ನಮ್ಮ ಮನೆಯ ಮಾತೂ ಹೌದು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಹಾಕುವ ಪೆಂಟಾ, ಆಮೇಲಿನ ಎರಡು ಡಿಪಿಟಿ ಬೂಸ್ಟರ್, ಎಲ್ಲವೂ ಆ ಹಳೆಯ, ಜ್ವರ ಬರಿಸುವ, ಇಡೀ ರೋಗಾಣುವಿನ ಜಾತಿಯವು. ಇದು ಬಡವರ ಲಸಿಕೆಯೆಂದು ಮೂಗು ಮುರಿದು, ಖಾಸಗಿ ಕ್ಲಿನಿಕ್ಕಿನಲ್ಲಿ ಸಾವಿರಗಟ್ಟಲೆ ಕೊಟ್ಟು 'ನೋವಿಲ್ಲದ ಇಂಜೆಕ್ಷನ್' ಹಾಕಿಸುವವರು ಕೊಳ್ಳುತ್ತಿರುವುದು ಕ್ಯಾಲಿಫೋರ್ನಿಯಾ ಮಾಡಿಕೊಂಡ ಅದೇ ಚೌಕಾಶಿಯನ್ನು. ದುಬಾರಿಯಾದದ್ದೆಲ್ಲ ಬಾಳಿಕೆ ಬರುವುದಿಲ್ಲ. ಹಳೆಯ ಲಸಿಕೆ ಬಳಸುವ ದೇಶಗಳು ಶಿಶುಗಳಿಗೆ ಅದನ್ನೇ ಮುಂದುವರಿಸಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ.

ಆದರೆ ನಮ್ಮ ಸರಕಾರಿ ಪಟ್ಟಿಯಲ್ಲೂ ಒಂದು ತೂತಿದೆ. ಹತ್ತನೆಯ ಮತ್ತು ಹದಿನಾರನೆಯ ವಯಸ್ಸಿಗೆ ಕೊಡುವ ಟಿಡಿಯಲ್ಲಿರುವುದು ಧನುರ್ವಾಯು ಮತ್ತು ಗಂಟಲಮಾರಿಯ ಲಸಿಕೆ ಮಾತ್ರ. ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ದಾಖಲಾಗುವುದೂ ಅದೇ. ನಾಯಿಕೆಮ್ಮಿನ ಭಾಗವೂ ಸೇರಿರುವ ಟಿಡ್ಯಾಪ್ ಬೇಕಾದವರು ಖಾಸಗಿಯಾಗಿ ಕೊಳ್ಳಬೇಕು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅಜ್ಜಿಯರನ್ನು ಕೇಳಿ ನೋಡಿ: 'ಅಮ್ಮ, ಟಿಡ್ಯಾಪ್ ಹಾಕಿಸಿಕೊಂಡು ಬಾ' ಎಂದು ಮಗಳು ಫೋನಿನಲ್ಲೇ ಹೇಳಿರುತ್ತಾಳೆ. ಅದೇ ಅಜ್ಜಿ ಹಾಸನದಲ್ಲಿರುವ ಇನ್ನೊಬ್ಬ ಮಗಳ ಬಾಣಂತನಕ್ಕೆ ಹೋಗುವಾಗ ಯಾರೂ ಆ ಮಾತು ಎತ್ತುವುದಿಲ್ಲ.

ಹಾಗಾಗಿ ಮಕ್ಕಳ ಡೋಸುಗಳನ್ನು ಒಂದೂ ಬಿಡದೆ ಹಾಕಿಸಿ, ಆದರೆ ಅವೇ ಕೊನೆಯ ಮಾತೆಂದು ನಂಬಿ ಕೂರಬೇಡಿ. ಬಸುರಿಯಾದವಳು ಏಳನೆಯ ತಿಂಗಳಿನಲ್ಲಿ ಟಿಡ್ಯಾಪ್ ಬಗ್ಗೆ ವೈದ್ಯರನ್ನು ಕೇಳಲಿ. ಆ ಸೂಜಿ ಸರಕಾರದ ಪಟ್ಟಿಗೂ ಸೇರಬೇಕೆಂದು ನಾವೆಲ್ಲ ಕೇಳೋಣ. ಎರಡು ವಾರ ಬಿಡದೆ ಕೆಮ್ಮುವವರು ಯಾರೇ ಇರಲಿ, ಲಸಿಕೆಯ ಚೀಟಿ ಎಷ್ಟೇ ತುಂಬಿರಲಿ, ಪರೀಕ್ಷೆಯಾಗುವವರೆಗೆ ಕೂಸನ್ನು ಎತ್ತಿಕೊಳ್ಳದಿರಲಿ.